ಎನಾಮಲ್ ಹಕ್ಕಳೆ ಎದ್ದಿದೆಯೇ? ಮೊದಲು ಹಕ್ಕಳೆಯ ಬೆನ್ನು ನೋಡಿ

ಗೇಟಿಗೋ ಕಿಟಕಿಯ ಗ್ರಿಲ್ಲಿಗೋ ಬಳಿದ ಎನಾಮಲ್ ವರ್ಷ ತುಂಬುವ ಮೊದಲೇ ಹಕ್ಕಳೆ ಎದ್ದರೆ ಮೊದಲ ಬೈಗುಳ ಬಣ್ಣದ ಕಂಪನಿಗೆ, ಎರಡನೆಯದು ಪೇಂಟರ್‌ಗೆ. ಡಬ್ಬ ಬದಲಾಗುತ್ತದೆ, ಇನ್ನಷ್ಟು ದುಬಾರಿಯ ಬಣ್ಣ ಬರುತ್ತದೆ, ಹಳೆಯದರ ಮೇಲೆಯೇ ಮತ್ತೊಂದು ಕೋಟ್ ಬೀಳುತ್ತದೆ. ಮುಂದಿನ ಮಳೆಗಾಲಕ್ಕೆ ಅದೂ ಕಿತ್ತು ಬರುತ್ತದೆ. ಡಬ್ಬದೊಳಗಿನ ಬಣ್ಣವೇ ಕೆಟ್ಟಿತ್ತು ಎನ್ನುವ ಪ್ರಸಂಗ ತೀರ ಅಪರೂಪ. ದೋಷ ಇರುವುದು ಬಣ್ಣದ ಕೆಳಗೆ, ಉಕ್ಕಿನ ಮೈಮೇಲೆ. ಅದರ ಸಾಕ್ಷಿ ಕಿತ್ತು ಬಂದ ಹಕ್ಕಳೆಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಆ ಸಾಕ್ಷಿಯನ್ನೇ ನಾವು ಕೆರೆದು, ಗುಡಿಸಿ, ಹೊರಗೆ ಚೆಲ್ಲಿ ಕೆಲಸ ಶುರು ಮಾಡುತ್ತೇವೆ.

ಪುಣೆಯ ಭೋಸರಿ, ಚಾಕಣದ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ, ಠಾಣೆ–ಡೊಂಬಿವಲಿಯ ಗ್ರಿಲ್ ಅಂಗಡಿಗಳಲ್ಲಿ, ಗೋವಾದ ವಾಸ್ಕೋದಲ್ಲಿ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯ ಹುಡುಗರು ಬಹಳ ಜನ ಈ ಕೆಲಸದಲ್ಲಿದ್ದಾರೆ. ಹಿಂದಿ, ಮರಾಠಿ ಬೆರೆತ ಮಾತಿನಲ್ಲಿ ಉಸ್ತಾದನ ಕೈನೋಡಿ ಕಲಿತವರು. ಕೈ ಚೆನ್ನಾಗಿದೆ, ಆದರೆ 'ಏಕೆ' ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಅವರಿಗಾಗಿ, ಮತ್ತು ತಮ್ಮ ಮನೆಯ ಗೇಟನ್ನು ತಾವೇ ಸರಿಪಡಿಸಬೇಕೆನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದು ಮುಖ್ಯವಾಗಿ ಗಾಳಿಯಲ್ಲಿ ಒಣಗುವ ಸಿಂಥೆಟಿಕ್ ಎನಾಮಲ್ ಬಗ್ಗೆ. ಓವನ್‌ನಲ್ಲಿ ಬೇಯಿಸುವ ಸ್ಟೋವಿಂಗ್ ಎನಾಮಲ್ ಬಗ್ಗೆ ಒಂದು ಭಾಗವಿದೆ. ತಟ್ಟೆ, ಬೋಗುಣಿಗಳಿಗೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಹಿಡಿಸುವ ಗಾಜಿನ ಎನಾಮಲ್ ಪೂರ್ತಿ ಬೇರೆ ವಿದ್ಯೆ, ಅದು ಇಲ್ಲಿಲ್ಲ.

ಹಕ್ಕಳೆ ಏನು ಹೇಳುತ್ತದೆ

ಬೇಕಾಗುವ ಸಾಮಾನು ಕಡಿಮೆ: ಹೊಸ ಬ್ಲೇಡು, ಅಗಲವಾದ ಗಟ್ಟಿ ಟೇಪು, ಭೂತಗನ್ನಡಿ, ಬಿಳಿ ಬಟ್ಟೆ, ಒಂದು ಬಾಟಲಿ ಬ್ಯಾಟರಿ ನೀರು (ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್). ಬಣ್ಣ ಎದ್ದ ಜಾಗದ ಅಂಚಿನಿಂದ ಬ್ಲೇಡಿನ ತುದಿಯಲ್ಲಿ ಒಂದು ದೊಡ್ಡ ಹಕ್ಕಳೆಯನ್ನು ಮುರಿಯದೆ ಎತ್ತಿ. ಅದರ ಬೆನ್ನನ್ನೂ, ಅದು ಬಿಟ್ಟುಬಂದ ಜಾಗವನ್ನೂ ಹಗಲು ಬೆಳಕಿನಲ್ಲಿ ಒಟ್ಟಿಗೆ ನೋಡಿ. ಎರಡನ್ನೂ ನೋಡುವುದು ಮುಖ್ಯ, ಏಕೆಂದರೆ ಹಿಡಿತ ಎಲ್ಲಿ ಬಿಟ್ಟಿತು ಎಂಬುದು ಎರಡನ್ನು ಹೋಲಿಸಿದಾಗಲೇ ತಿಳಿಯುತ್ತದೆ.

ಬೆನ್ನಿನಲ್ಲಿ ಪ್ರೈಮರ್ (ಎನಾಮಲ್ಲಿಗೆ ಮೊದಲು ಲೋಹಕ್ಕೆ ಬಳಿಯುವ ಕೆಳಗಿನ ಕೋಟ್) ಇಲ್ಲದೆ ಬರೀ ಎನಾಮಲ್ ಇದ್ದು, ಪ್ರೈಮರ್ ಕಬ್ಬಿಣದ ಮೇಲೆ ಹಾಗೆಯೇ ಉಳಿದಿದ್ದರೆ ಉಕ್ಕನ್ನು ದೂರಬೇಡಿ. ಕೋಟುಗಳ ನಡುವೆ ಏನೋ ಆಗಿದೆ. ಎರಡೂ ಕಡೆ ಪ್ರೈಮರಿನ ಪುಡಿ ಇದ್ದರೆ ಪ್ರೈಮರ್ ತನ್ನೊಳಗೇ ಸೀಳಿದೆ: ಬಿಸಿಲಿಗೆ ಬಿದ್ದು ಸುಣ್ಣದ ಪುಡಿಯಂತಾಗಿದೆ, ಇಲ್ಲವೇ ಅಗ್ಗದ ಮಾಲು. ಪ್ರೈಮರ್ ಸಮೇತ ಎದ್ದು ಕೆಳಗೆ ಹೊಳೆಯುವ ಲೋಹ ಕಂಡರೆ ಎಣ್ಣೆ, ಅತಿ ನುಣುಪು, ಇಲ್ಲವೇ ಸತುವಿನ ಲೇಪ, ಈ ಮೂರರಲ್ಲಿ ಒಂದು. ಬೆನ್ನಿಗೆ ನೀಲಿಗಪ್ಪು ಬಣ್ಣದ, ಗಾಜಿನಂತೆ ಪಟಕ್ಕನೆ ಮುರಿಯುವ ಪದರ ಅಂಟಿ ಬಂದಿದ್ದರೆ ಅದು ಉಕ್ಕಿನ ಕಾರ್ಖಾನೆಯಿಂದಲೇ ಬರುವ ಮಿಲ್ ಸ್ಕೇಲ್. ಕಂದು ಪುಡಿ ಅಂಟಿದ್ದರೆ ತುಕ್ಕಿನ ಮೇಲೆ ಬಳಿದಿದ್ದಾರೆ. ಬೊಬ್ಬೆ ಎದ್ದು ಒಡೆದಾಗ ನೀರು ಹನಿದರೆ ಉಪ್ಪನ್ನೋ ತೇವವನ್ನೋ ಹುಡುಕಿ.

ಕಿತ್ತು ಬಂದ ಜಾಗದಲ್ಲಷ್ಟೇ ನೋಡಿದರೆ ಸಾಲದು, ಗಟ್ಟಿಯಾಗಿ ಕಾಣುವ ಜಾಗವನ್ನೂ ಪರೀಕ್ಷಿಸಬೇಕು. ಬ್ಲೇಡಿನಿಂದ ಲೋಹ ತಾಗುವವರೆಗೆ ಆರು ಗೆರೆ ಅಡ್ಡ, ಆರು ಗೆರೆ ಉದ್ದ ಎಳೆಯಿರಿ. ಬಣ್ಣದ ಒಟ್ಟು ದಪ್ಪ 60 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಒಳಗಿದ್ದರೆ ಗೆರೆಗಳ ನಡುವೆ 1 ಮಿಲಿಮೀಟರ್, ಅದಕ್ಕಿಂತ ಹೆಚ್ಚಾಗಿ 120 ಮೈಕ್ರಾನ್ ವರೆಗಿದ್ದರೆ 2 ಮಿಲಿಮೀಟರ್ ಅಂತರ. ಮೇಲೆ ಟೇಪು ಒತ್ತಿ ಅಂಟಿಸಿ ಸಟಕ್ಕನೆ ಎಳೆಯಿರಿ. ಐಎಸ್‌ಒ 2409 ಮಾನಕದಲ್ಲಿ ಒಂದು ಚೌಕವೂ ಏಳದಿದ್ದರೆ ಅಂಕ 0. ಪೂರ್ತಿ ಕಿತ್ತು ಬಂದರೆ 5. ಅಮೆರಿಕದ ಎಎಸ್‌ಟಿಎಂ ಡಿ 3359 ಇದಕ್ಕೆ ಉಲ್ಟಾ: ಅಲ್ಲಿ 5ಬಿ ಎಂದರೆ ಉತ್ತಮ, 0ಬಿ ಎಂದರೆ ಸೋತದ್ದು. ಗಿರಾಕಿಯ ಕಾಗದದಲ್ಲಿ ಯಾವುದು ಬರೆದಿದೆ ಎಂದು ನೋಡದೆ 'ಐದು ಬಂತು' ಎಂದು ಸಂತೋಷಪಡುವಂತಿಲ್ಲ. ಹೊಸದಾಗಿ ಬಳಿದ ಸಿಂಥೆಟಿಕ್ ಎನಾಮಲ್ ಆದರೆ ಒಂದು ವಾರ ಬಿಟ್ಟೇ ಈ ಪರೀಕ್ಷೆ ಮಾಡಿ. ಅದು ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುವ ಬಣ್ಣ. ಮರುದಿನವೇ ಗೀರಿದರೆ ಒಳ್ಳೆಯ ಕೆಲಸವೂ ಕೆಟ್ಟದ್ದೆಂದು ಕಾಣುತ್ತದೆ.

ಮಿಲ್ ಸ್ಕೇಲ್: ನೋಡಲು ಚೊಕ್ಕಟ, ನಂಬಲು ಅಲ್ಲ

ಬಿಸಿಯಾಗಿ ಉರುಳಿಸಿದ ಆಂಗಲ್, ಚಾನೆಲ್, ಪಟ್ಟಿ, ದಪ್ಪ ಪ್ಲೇಟುಗಳ ಮೇಲೆ ಕಾರ್ಖಾನೆಯಿಂದಲೇ ಒಂದು ನೀಲಿಗಪ್ಪು ಪದರ ಬರುತ್ತದೆ. ಅದು ಕಬ್ಬಿಣದ ಆಕ್ಸೈಡ್. ಗಟ್ಟಿ, ನುಣುಪು, ತುಕ್ಕಿಲ್ಲದ ಮೈ. ಅದನ್ನು ನೋಡಿದ ಯಾರಿಗಾದರೂ 'ಸ್ವಚ್ಛವಾಗಿಯೇ ಇದೆ, ಬಳಿದುಬಿಡೋಣ' ಎನಿಸುತ್ತದೆ. ಆದರೆ ಆ ಪದರಕ್ಕೂ ಉಕ್ಕಿಗೂ ಹಿಗ್ಗುವ, ಕುಗ್ಗುವ ಅಳತೆ ಒಂದೇ ಅಲ್ಲ. ಬಿಸಿಲು, ಚಳಿ, ಬಾಗಿಸುವಾಗಿನ ಒತ್ತಡ ಎಲ್ಲ ಸೇರಿ ಅದರಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಆ ಬಿರುಕಿನಲ್ಲಿ ನೀರು ಇಳಿದರೆ ಇನ್ನೊಂದು ಸಂಕಟ: ಆಕ್ಸೈಡ್ ಪದರವೂ ಬರಿಯ ಉಕ್ಕೂ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸುತ್ತವೆ, ಸವೆಯುವುದು ಉಕ್ಕು. ತುಕ್ಕು ಸ್ಕೇಲಿನ ಕೆಳಗೆ ಹರಡಿ ಅದನ್ನು ಮೇಲಕ್ಕೆ ಎಬ್ಬಿಸುತ್ತದೆ. ಬಣ್ಣ ಸ್ಕೇಲಿಗೆ ಭದ್ರವಾಗಿಯೇ ಅಂಟಿರುತ್ತದೆ. ಸ್ಕೇಲೇ ಉಕ್ಕನ್ನು ಬಿಟ್ಟು ಬರುತ್ತದೆ.

ಸ್ಕೇಲ್ ಉಳಿದಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ತೋಟಕ್ಕೆ ಬೋರ್ಡೊ ದ್ರಾವಣ ಮಾಡಲು ಬಳಸುವ ಮೈಲುತುತ್ತವೇ (ಕಾಪರ್ ಸಲ್ಫೇಟ್) ಸಾಕು. ಒಂದು ಚಿಟಿಕೆಯನ್ನು ನೀರಿನಲ್ಲಿ ಕರಗಿಸಿ, ಜಿಡ್ಡು ತೆಗೆದ ಜಾಗಕ್ಕೆ ಹತ್ತಿಯಿಂದ ಸವರಿ. ಬರಿಯ ಉಕ್ಕಿದ್ದಲ್ಲಿ ತಾಮ್ರ ಕೂತು ಇಟ್ಟಿಗೆಗೆಂಪು ಬಣ್ಣ ಬರುತ್ತದೆ. ಸ್ಕೇಲ್ ಇದ್ದಲ್ಲಿ ಹಾಗೆಯೇ ನೀಲಿಗಪ್ಪಾಗಿ ಉಳಿಯುತ್ತದೆ. ಸತುವಿನ ಲೇಪವಿದ್ದರೆ ಕಪ್ಪು ಮಸಿ ಬರುತ್ತದೆ. ಒಂದೇ ಪರೀಕ್ಷೆಯಲ್ಲಿ ಮೂರೂ ತಿಳಿಯುವುದರಿಂದ ಇದು ನನಗೆ ಬಹಳ ಇಷ್ಟ. ನೋಡಿದ ಮೇಲೆ ಆ ಜಾಗವನ್ನು ತೊಳೆದು ಉಜ್ಜಿ ತಾಮ್ರ ಪೂರ್ತಿ ತೆಗೆಯಿರಿ, ಬಿಟ್ಟರೆ ಅದೇ ಹೊಸ ತುಕ್ಕಿನ ಬೀಜ.

ತೆಗೆಯುವುದು ಹೇಗೆ? ವೈರ್ ಬ್ರಷ್ಷಿಗೆ ಮಿಲ್ ಸ್ಕೇಲ್ ಬಗ್ಗುವುದಿಲ್ಲ, ಪಾಲಿಶ್ ಆಗುತ್ತದೆ ಅಷ್ಟೇ. ಗ್ರೈಂಡರಿಗೆ ಫ್ಲ್ಯಾಪ್ ಡಿಸ್ಕ್ ಹಾಕಿ ಉಜ್ಜಬೇಕು, ಇಲ್ಲವೇ ಗ್ರಿಟ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ರಭಸದಿಂದ ಒರಟು ಕಣಗಳನ್ನು ಹೊಡೆಯುವ ಕೆಲಸ, ಮಾಡಿಸಬೇಕು. ಬ್ಲಾಸ್ಟಿಂಗ್ ಮಾಡಿಸುವವರು ಐಎಸ್‌ಒ 8501-1ರ ಎಸ್‌ಎ ಎರಡೂವರೆ (Sa 2½) ಎಂಬ ಸ್ವಚ್ಛತೆಯ ದರ್ಜೆ ಕೇಳಿ ಪಡೆಯಿರಿ. ಆದರೆ ಸಿಂಥೆಟಿಕ್ ಎನಾಮಲ್ ತೆಳುವಾದ ಬಣ್ಣ ಎಂಬುದು ನೆನಪಿರಲಿ: ಒಂದು ಕೋಟ್ ಒಣಗಿದ ಮೇಲೆ ಸುಮಾರು 25ರಿಂದ 30 ಮೈಕ್ರಾನ್. ಪ್ರೈಮರ್ ಸೇರಿ ಮೂರು ಕೋಟಿಗೆ ನೂರು ಮೈಕ್ರಾನ್ ಕೂಡ ಆಗುವುದು ಕಷ್ಟ. ಒರಟು ಗ್ರಿಟ್ ಹೊಡೆದು 75 ಮೈಕ್ರಾನಿನ ಹಳ್ಳ–ದಿಣ್ಣೆ ಎಬ್ಬಿಸಿದರೆ ದಿಣ್ಣೆಗಳ ತುದಿ ಬಣ್ಣದಿಂದ ಹೊರಗೇ ಉಳಿದು ಕೆಲವೇ ವಾರಗಳಲ್ಲಿ ಸಾಸಿವೆಯಷ್ಟು ತುಕ್ಕಿನ ಚುಕ್ಕೆಗಳು ಮೂಡುತ್ತವೆ. ಈ ಬಣ್ಣಕ್ಕೆ 25ರಿಂದ 40 ಮೈಕ್ರಾನ್ ಒರಟುತನ ಸಾಕು. ಮರಳಿನಿಂದ ಬ್ಲಾಸ್ಟಿಂಗ್ ಮಾಡಿಸಲೇಬೇಡಿ. ಅದರ ಸಿಲಿಕಾ ದೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಕಾಪರ್ ಸ್ಲ್ಯಾಗ್, ಗಾರ್ನೆಟ್, ಉಕ್ಕಿನ ಗ್ರಿಟ್ ಎಲ್ಲ ಪುಣೆಯಲ್ಲಿ ಸಿಗುತ್ತವೆ.

ಎಣ್ಣೆ, ಮತ್ತು ಸೀಮೆಎಣ್ಣೆಯ ಹಳೆಯ ಚಾಳಿ

ತಣ್ಣಗೆ ಉರುಳಿಸಿದ ಸಿಆರ್ ಶೀಟುಗಳು ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿಕೊಂಡೇ ಬರುತ್ತವೆ. ಕೊಳವೆಗಳೂ ಹಾಗೆಯೇ. ಡ್ರಿಲ್ ಮಾಡುವಾಗಿನ ಕಟಿಂಗ್ ಆಯಿಲ್, ವೆಲ್ಡಿಂಗ್ ಚುಕ್ಕಿ ಅಂಟದಿರಲೆಂದು ಹೊಡೆಯುವ ಸ್ಪ್ರೇ, ಊಟ ಮಾಡಿ ಒರೆಸಿಕೊಂಡ ಕೈ, ಎಲ್ಲವೂ ಜಿಡ್ಡೇ. ಇದನ್ನು ತೆಗೆಯಲು ಶೆಡ್ಡಿನಲ್ಲಿ ಸಾಮಾನ್ಯವಾಗಿ ಬಳಸುವುದು ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಬನಿಯನ್. ಸೀಮೆಎಣ್ಣೆ ಬೇಗ ಆರುವುದಿಲ್ಲ. ಅದು ಎಣ್ಣೆಯನ್ನು ತೆಳುವಾಗಿ ಎಲ್ಲೆಡೆ ಹರಡಿ, ತಾನೂ ಒಂದು ಜಿಡ್ಡಿನ ಪದರವಾಗಿ ಉಳಿಯುತ್ತದೆ. ಅದರ ಮೇಲೆ ಬಳಿದ ಪ್ರೈಮರ್ ಒಣಗುವುದೂ ತಡ, ಹಿಡಿಯುವುದೂ ಸಡಿಲ. ಬಣ್ಣಕ್ಕೇ ಸೀಮೆಎಣ್ಣೆ ಬೆರೆಸಿ ತೆಳುಮಾಡುವವರೂ ಇದ್ದಾರೆ. ಹೊಳಪು ಹೋಗುತ್ತದೆ, ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ಮಿನರಲ್ ಟರ್ಪೆಂಟೈನ್ ಬಳಸಿ. ಪೆಟ್ರೋಲಿನಿಂದ ಒರೆಸುವುದಂತೂ ಗ್ರೈಂಡರಿನ ಕಿಡಿ ಹಾರುವ ಶೆಡ್ಡಿನಲ್ಲಿ ಜೀವಕ್ಕೇ ಅಪಾಯ.

ಇಲ್ಲಿ ಕ್ರಮವೇ ಎಲ್ಲ. ಮೊದಲು ಜಿಡ್ಡು ತೆಗೆದು ಆಮೇಲೆ ಉಜ್ಜಬೇಕು. ಎಣ್ಣೆ ಇರುವಾಗಲೇ ಉಜ್ಜುಕಾಗದ ಹಾಕಿದರೆ ಗೀರುಗಳೊಳಗೆ ಎಣ್ಣೆಯನ್ನು ನಾವೇ ತುಂಬಿಸಿದಂತೆ. ಎರಡು ಬಟ್ಟೆ ಇಟ್ಟುಕೊಳ್ಳಿ: ಒಂದರಿಂದ ಥಿನ್ನರ್ ಹಾಕಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಿಳಿ ಬಟ್ಟೆಯಿಂದ ಎತ್ತಿಬಿಡಿ. ಬಟ್ಟೆ ಕೊಳೆಯಾದಂತೆ ಬದಲಿಸುತ್ತ ಹೋಗಿ. ದೊಡ್ಡ ಕೆಲಸಕ್ಕೆ ಕ್ಷಾರದ ಡಿಗ್ರೀಸರ್ ಅಥವಾ ಡಿಟರ್ಜೆಂಟ್ ನೀರು ಇನ್ನೂ ಒಳ್ಳೆಯದು, ಆದರೆ ಕೊನೆಗೆ ಸೋಪಿನ ಅಂಶ ಉಳಿಯದಂತೆ ತೊಳೆಯಬೇಕು.

ಸ್ವಚ್ಛವಾಯಿತೋ ಎಂದು ನೀರೇ ಹೇಳುತ್ತದೆ. ಮೈಮೇಲೆ ನೀರು ಸುರಿದು ನೋಡಿ. ಅದು ಒಂದೇ ಹಾಳೆಯಾಗಿ ಹರಡಿ ಅರ್ಧ ನಿಮಿಷ ಹಾಗೆಯೇ ನಿಂತರೆ ಜಿಡ್ಡಿಲ್ಲ. ಮಣಿಗಳಾಗಿ ಒಡೆದು ನಿಂತರೆ ಆ ಮಣಿಗಳಿರುವಲ್ಲೇ ಬಣ್ಣ ಏಳಲಿದೆ. ಬಣ್ಣ ಬಳಿಯುತ್ತಿರುವಾಗಲೇ ಮೀನಿನ ಕಣ್ಣಿನಾಕಾರದ ಕುಳಿಗಳು ಬೀಳುತ್ತಿದ್ದರೆ ಬಹುತೇಕ ಅದು ವೆಲ್ಡಿಂಗ್ ಸ್ಪ್ರೇಯ ಸಿಲಿಕೋನ್, ಇಲ್ಲವೇ ಕಂಪ್ರೆಸರ್ ಗಾಳಿಯೊಂದಿಗೆ ಬಂದ ಎಣ್ಣೆ. ಕಂಪ್ರೆಸರಿನ ಗಾಳಿಯನ್ನು ಬಿಳಿ ಕಾಗದಕ್ಕೆ ಒಂದು ನಿಮಿಷ ಊದಿಸಿ ನೋಡಿದರೆ ಗೊತ್ತಾಗುತ್ತದೆ.

ವೆಲ್ಡಿಂಗ್ ಗೆರೆಯ ಅಕ್ಕಪಕ್ಕವೇ ಬಣ್ಣ ಎದ್ದಿದ್ದರೆ ಕಾರಣ ರಾಡಿನ ಸ್ಲ್ಯಾಗ್ ಎಂಬ ಕಿಟ್ಟ, ಹೊಗೆಯ ಮಸಿ, ಅಂಟಿದ ಚುಕ್ಕಿಗಳು. ಉಳಿಯಿಂದ ತಟ್ಟಿ, ಗ್ರೈಂಡ್ ಮಾಡಿ, ತೊಳೆದ ಮೇಲೆಯೇ ಪ್ರೈಮರ್.

ಜಿಐ ಪೈಪಿನ ಗೇಟು

ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ದುಡ್ಡು ದಂಡವಾಗುವುದು ಇಲ್ಲಿಯೇ ಹೆಚ್ಚು. ತುಕ್ಕು ಹಿಡಿಯಬಾರದು ಎಂದು ಮನೆಯವರು ಹೆಚ್ಚು ದುಡ್ಡು ಕೊಟ್ಟು ಜಿಐ, ಅಂದರೆ ಸತುವಿನ ಲೇಪದ, ಪೈಪಿನಲ್ಲಿ ಗೇಟು ಮಾಡಿಸುತ್ತಾರೆ. ಅದಕ್ಕೆ ಎಂದಿನಂತೆ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೋಟ್ ಎನಾಮಲ್. ಮೊದಲ ಕೆಲವು ತಿಂಗಳು ಕನ್ನಡಿಯಂತೆ ಹೊಳೆಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಬಾಳೆಯ ಸಿಪ್ಪೆಯ ಹಾಗೆ ಉದ್ದುದ್ದ ಸುಲಿದು ಬರುತ್ತದೆ. ಒಳಗೆ ತುಕ್ಕಿಲ್ಲ, ಜಿಡ್ಡಿಲ್ಲ, ಬೂದು ಲೋಹ ಶುಭ್ರವಾಗಿದೆ. ಪೇಂಟರ್ ತಲೆ ಕೆರೆದುಕೊಳ್ಳುತ್ತಾನೆ. 'ಕಾಕಾ, ಎಲ್ಲ ಸರಿಯಾಗಿಯೇ ಮಾಡಿದ್ದೆವು' ಎನ್ನುತ್ತಾನೆ, ಮತ್ತು ಅವನು ಹೇಳುವುದು ನಿಜ. ಉಕ್ಕಿಗೆ ಸರಿಯಾದದ್ದನ್ನೇ ಮಾಡಿದ್ದಾನೆ. ಆದರೆ ಅವನು ಬಳಿದದ್ದು ಉಕ್ಕಿನ ಮೇಲಲ್ಲ, ಸತುವಿನ ಮೇಲೆ.

ಸಿಂಥೆಟಿಕ್ ಎನಾಮಲ್ಲಿನ ಜೀವಾಳ ಆಲ್ಕಿಡ್ ರಾಳ. ಅದರಲ್ಲಿ ಸೋಯಾ, ಅಗಸೆಯಂಥ ಎಣ್ಣೆಗಳ ಕೊಬ್ಬಿನ ಆಮ್ಲಗಳು ಸೇರಿರುತ್ತವೆ. ತೇವ ಇಳಿದಾಗ ಸತು ಸ್ವಲ್ಪಸ್ವಲ್ಪವೇ ಕ್ಷಾರದ ಸಂಯುಕ್ತಗಳಾಗುತ್ತದೆ. ಎಣ್ಣೆಯೂ ಕ್ಷಾರವೂ ಸೇರಿದರೆ ಆಗುವುದು ಸಾಬೂನು. ಇಲ್ಲೂ ಅದೇ ಆಗುತ್ತದೆ. ಬಣ್ಣಕ್ಕೂ ಲೋಹಕ್ಕೂ ನಡುವೆ ಸತುವಿನ ಸಾಬೂನಿನ ತೆಳುಪದರ ಹುಟ್ಟಿ ಹಿಡಿತವನ್ನು ಬಿಡಿಸುತ್ತದೆ. ಎಷ್ಟು ಚೆನ್ನಾಗಿ ಉಜ್ಜಿದ್ದರೂ, ಎಷ್ಟು ಒಳ್ಳೆಯ ಕಂಪನಿಯ ಎನಾಮಲ್ ಆಗಿದ್ದರೂ ಇದು ತಪ್ಪುವುದಿಲ್ಲ. ಸಾಮಾನ್ಯ ರೆಡ್ ಆಕ್ಸೈಡ್ ಪ್ರೈಮರ್ ಕೂಡ ಆಲ್ಕಿಡ್ ಜಾತಿಯದೇ, ಹಾಗಾಗಿ ಅದನ್ನು ನಡುವೆ ಹಾಕಿದರೂ ಪ್ರಯೋಜನವಿಲ್ಲ. ವಿನೆಗರ್ ಒರೆಸಿದರೆ ಸಾಕು ಎನ್ನುವ ಮಾತು ಕೇಳಿಬರುತ್ತದೆ. ಅದರಿಂದ ಸತುವಿನ ಸ್ವಭಾವ ಬದಲಾಗುವುದಿಲ್ಲ.

ಪರಿಹಾರ ಒಂದೇ: ಹಳೆಯ ಬಣ್ಣವನ್ನು ಪೂರ್ತಿ ತೆಗೆಯುವುದು. ಗಟ್ಟಿಯಾಗಿ ಕಾಣುವ ಭಾಗವೂ ನಾಳೆ ಏಳುವಂಥದ್ದೇ. ಸತುವಿನ ಮೇಲೆ ಪುಡಿಯಂಥ ಬಿಳಿ ತುಕ್ಕಿದ್ದರೆ ಗಡಸು ನೈಲಾನ್ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ನಯವಾದ ಕಾಗದದಿಂದ ಹೊಳಪು ಹೋಗುವಷ್ಟೇ ಉಜ್ಜಿ. ಉಕ್ಕು ಕಾಣುವವರೆಗೆ ಉಜ್ಜಿದರೆ ದುಡ್ಡು ಕೊಟ್ಟು ಹಾಕಿಸಿದ ಸತುವೇ ಹೋಯಿತು. ನಂತರ ಎರಡು ಡಬ್ಬಗಳಲ್ಲಿ ಬರುವ ಎಚ್ (etch) ಪ್ರೈಮರ್, ಅಂದರೆ ಫಾಸ್ಫಾರಿಕ್ ಆಮ್ಲ ಬೆರೆಸಿ ಬಳಸುವ ವಾಶ್ ಪ್ರೈಮರ್. ಇದನ್ನು ಬಹಳ ತೆಳುವಾಗಿ, ಸುಮಾರು 8ರಿಂದ 10 ಮೈಕ್ರಾನ್ ಮಾತ್ರ ಹಾಕಬೇಕು, ಕೆಳಗಿನ ಲೋಹ ಮಸುಕಾಗಿ ಕಾಣುತ್ತಿರಬೇಕು. ದಪ್ಪ ಹಾಕಿದರೆ ಅದೇ ಸೀಳುತ್ತದೆ. ಬೆರೆಸಿದ್ದನ್ನು ಅಂದಿನ ಪಾಳಿಯಲ್ಲೇ ಮುಗಿಸಿ, ಮರುದಿನಕ್ಕೆ ಇಡಬೇಡಿ. ಇದರ ಬದಲು ಸತುವಿಗೆ ಹೊಂದುತ್ತದೆಂದು ಡಬ್ಬದ ಮೇಲೆ ಬರೆದಿರುವ ಎಪಾಕ್ಸಿ ಪ್ರೈಮರ್ ಕೂಡ ನಡೆಯುತ್ತದೆ. ಸಾಮಾನ್ಯ ಮನೆಯ ಗೇಟಿಗೆ ನಾನು ಎಪಾಕ್ಸಿಯನ್ನೇ ಹೇಳುತ್ತೇನೆ. ಬ್ರಷ್ಷಿನಲ್ಲಿ ಬಳಿಯುವವರ ಕೈಯಲ್ಲಿ ವಾಶ್ ಪ್ರೈಮರ್ ತೆಳುವಾಗಿ ಕೂರುವುದು ಕಷ್ಟ.

ಕಡಲ ಗಾಳಿ ತಂದಿಡುವ ಉಪ್ಪು

ವಾಸ್ಕೋದ ಗ್ರಿಲ್ಲಿಗೂ ಪುಣೆಯ ಗ್ರಿಲ್ಲಿಗೂ ಒಂದೇ ಕೈ ಒಂದೇ ಬಣ್ಣ ಬಳಿದರೂ ಬಾಳಿಕೆ ಒಂದೇ ಆಗದಿರಲು ಕಾರಣ ಉಪ್ಪು. ಮುಂಬೈಯಲ್ಲೂ ಗೋವಾದಲ್ಲೂ ಸಮುದ್ರದ ಗಾಳಿ ಕಣ್ಣಿಗೆ ಕಾಣದ ಉಪ್ಪಿನ ಕಣಗಳನ್ನು ಕಬ್ಬಿಣದ ಮೇಲೆ ಕೂರಿಸುತ್ತಲೇ ಇರುತ್ತದೆ. ಅದರ ಮೇಲೆ ಬಣ್ಣ ಬಳಿದಾಗ ಬಣ್ಣದ ಪೊರೆಯ ಮೂಲಕ ತೇವವನ್ನು ಆ ಉಪ್ಪು ಒಳಗೆ ಎಳೆದುಕೊಳ್ಳುತ್ತದೆ. ನೀರು ತುಂಬಿದ ಸಣ್ಣ ಬೊಬ್ಬೆಗಳು ಏಳುತ್ತವೆ, ಆಮೇಲೆ ಒಡೆದು ತುಕ್ಕಿನ ಕಣ್ಣೀರು ಇಳಿಯುತ್ತದೆ.

ಹಳೆಯ, ಕುಳಿಬಿದ್ದ ಗ್ರಿಲ್ಲಿನಲ್ಲಿ ಇದು ಇನ್ನೂ ಹಟಮಾರಿ. ತುಕ್ಕಿನ ಕುಳಿಯ ತಳದಲ್ಲಿ ಕಬ್ಬಿಣದ ಕ್ಲೋರೈಡ್ ಅಡಗಿರುತ್ತದೆ. ಗ್ರೈಂಡರಿಗೆ ವೈರ್ ಕಪ್ ಹಾಕಿ ತಿರುಗಿಸಿದಾಗ ಮೇಲ್ಭಾಗ ಹೊಳೆಯುತ್ತದೆ, ಕುಳಿಯ ಬಾಯಿ ಮುಚ್ಚಿಹೋಗುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ. ಉಪ್ಪನ್ನು ಉಜ್ಜಿ ತೆಗೆಯಲಾಗುವುದಿಲ್ಲ, ತೊಳೆದೇ ತೆಗೆಯಬೇಕು. ಸಿಹಿನೀರು ಸುರಿಯುತ್ತ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಮತ್ತೆ ಉಜ್ಜಿ, ಮತ್ತೆ ತೊಳೆಯಿರಿ. ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆ ಅದೇ ಕುಳಿಗಳು ಕಪ್ಪಗೆ ಒದ್ದೆಯಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಉಪ್ಪು ಇನ್ನೂ ಇದೆ. ಖಚಿತ ಉತ್ತರ ಬೇಕಾದ ದೊಡ್ಡ ಕೆಲಸಗಳಲ್ಲಿ ಬ್ರೆಸಲ್ ಪಟ್ಟಿ (ನಡುವೆ ನೀರು ಹಿಡಿಯುವ ಜಾಗವಿರುವ ಅಂಟುಪಟ್ಟಿ) ಅಂಟಿಸಿ ಅದರೊಳಗೆ ಶುದ್ಧ ನೀರು ಚುಚ್ಚಿ ತೆಗೆದು ಅದರ ವಿದ್ಯುತ್‌ವಾಹಕತೆ ಅಳೆಯುತ್ತಾರೆ. ಐಎಸ್‌ಒ 8502-6 ಮತ್ತು 8502-9 ಅದರ ಮಾನಕಗಳು. ಕೊನೆಯ ತೊಳೆತಕ್ಕೆ ಗಡಸು ಬೋರ್‌ವೆಲ್ ನೀರು ಬೇಡ. ಅದು ಆರಿದ ಮೇಲೆ ಬಿಳಿ ಕಲೆ ಬಿಡುವುದು ಅದರಲ್ಲಿರುವ ಲವಣದಿಂದಲೇ.

ಎರಡು ಕೋಟುಗಳ ನಡುವೆಯೂ ಉಪ್ಪು ಕೂರುತ್ತದೆ ಎಂಬುದನ್ನು ಕರಾವಳಿಯಲ್ಲಿ ಬಹಳ ಜನ ಗಮನಿಸುವುದಿಲ್ಲ. ಶನಿವಾರ ಪ್ರೈಮರ್, ಮಂಗಳವಾರ ಎನಾಮಲ್ ಎಂದಾದರೆ ನಡುವಿನ ರಾತ್ರಿಗಳ ಉಪ್ಪು ಒಳಗೆ ಸೇರಿತು. ಎನಾಮಲ್ ಬಳಿಯುವ ಮುನ್ನ ಪ್ರೈಮರನ್ನೂ ತೊಳೆದು ಒಣಗಿಸಿ.

ತೇವದ್ದು ಇನ್ನೊಂದು ಲೆಕ್ಕ. ಉಕ್ಕಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ಆರ್ದ್ರತೆ 85 ಪ್ರತಿಶತ ಮೀರಬಾರದು. ಗಾಳಿ 28 ಡಿಗ್ರಿ, ಆರ್ದ್ರತೆ 85 ಪ್ರತಿಶತ ಇದ್ದರೆ ಇಬ್ಬನಿ ಬಿಂದು ಸುಮಾರು 25.2 ಡಿಗ್ರಿ. ಉಕ್ಕೂ 28 ಡಿಗ್ರಿಯೇ ಇದ್ದರೆ ಅಂತರ 3 ಡಿಗ್ರಿಗೆ ಮುಟ್ಟುವುದಿಲ್ಲ. ಆರ್ದ್ರತೆ 90 ಆದರೆ ಇಬ್ಬನಿ ಬಿಂದು 26.2ಕ್ಕೆ ಏರುತ್ತದೆ. ಕೊಂಕಣದ ಜುಲೈ ತಿಂಗಳಲ್ಲಿ ದಿನವೆಲ್ಲ ಹೀಗೆಯೇ ಇರುತ್ತದೆ. ರಾತ್ರಿಯಿಡೀ ತಣಿದ ದಪ್ಪ ಕಬ್ಬಿಣವಂತೂ ಬೆಳಿಗ್ಗೆ ಗಾಳಿಗಿಂತ ತಂಪಾಗಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಅದರ ಮೇಲೆ ಇರುತ್ತದೆ. ಪುಣೆಯಲ್ಲಿ ಬಿಸಿಲು ಏರಿದ ಮೇಲೆ ಶುರು ಮಾಡಿ ಸಂಜೆಯ ಮೊದಲೇ ಕೈ ತೊಳೆದುಕೊಂಡರೆ ವರ್ಷದ ಹೆಚ್ಚಿನ ಭಾಗ ತೊಂದರೆಯಿಲ್ಲ. ಗೋವಾ, ಮುಂಬೈಗಳಲ್ಲಿ ಹೊರಗಿನ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಒಪ್ಪಿಕೊಳ್ಳದಿರುವುದೇ ಪ್ರಾಮಾಣಿಕತೆ ಎಂದು ನಾನು ನಂಬಿದ್ದೇನೆ. ಗಣೇಶ ಚತುರ್ಥಿಗೆ ಮನೆ ಹೊಳೆಯಬೇಕು ಎಂದು ಮನೆಯವರು ಒತ್ತಾಯಿಸುತ್ತಾರೆ. ಮೇ ತಿಂಗಳಲ್ಲೇ ಮಾಡಿಸಿ ಎಂದು ಅವರಿಗೆ ಮೊದಲೇ ಹೇಳಿಡಿ.

ಆಸಿಡ್ಡಿನಿಂದ ತುಕ್ಕು ತೆಗೆದವರಿಗೆ

ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ತುಕ್ಕು ನೊರೆಯಾಗಿ ಹೋಗುತ್ತದೆ ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆಮ್ಲ; ಕಡಲ ಗಾಳಿ ವರ್ಷವಿಡೀ ತರುವ ಕ್ಲೋರೈಡನ್ನು ನಾವೇ ಒಂದು ಗಂಟೆಯಲ್ಲಿ ಸುರಿದಂತಾಗುತ್ತದೆ. ಜೋಡಣೆಯ ಸಂದುಗಳಿಗೆ ಇಳಿದದ್ದು ತೊಳೆದರೂ ಬರುವುದಿಲ್ಲ. ಗ್ರಿಲ್ಲಿನ ಮೂಲೆಮೂಲೆಗಳಲ್ಲಿ ಮಾತ್ರ ಬಣ್ಣ ಎದ್ದಿದ್ದರೆ ಈ ಪ್ರಶ್ನೆ ಕೇಳಿ: 'ಆಸಿಡ್ ಹಾಕಿದ್ದಿರಾ?'

ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಇದಕ್ಕಿಂತ ವಾಸಿ, ಆದರೆ ಅತಿಯಾಗಿ ಹಚ್ಚಿ ತೊಳೆಯದೆ ಬಿಟ್ಟರೆ ಮೈ ಅಂಟಂಟಾಗಿ ಉಳಿಯುತ್ತದೆ, ಇಲ್ಲವೇ ಬಿಳಿ ಪುಡಿ ಬಿಡುತ್ತದೆ. ಹಕ್ಕಳೆಯ ಬೆನ್ನಿನಲ್ಲಿ ಆ ಬಿಳಿ ಪುಡಿ ಕಂಡರೆ ಕಾರಣ ಸಿಕ್ಕಿತು. ಸಡಿಲ ತುಕ್ಕನ್ನು ಮೊದಲು ಕೆರೆದು, ತೆಳುವಾಗಿ ಹಚ್ಚಿ, ಡಬ್ಬದ ಮೇಲೆ ಬರೆದ ಹೊತ್ತು ಬಿಟ್ಟು, ತೊಳೆದು ಒಣಗಿಸಿ.

ಏಳು ಟ್ಯಾಂಕಿನ ಶೆಡ್‌ಗಳಲ್ಲಿ

ಭೋಸರಿ, ಚಾಕಣದಲ್ಲಿ ಪ್ಯಾನೆಲ್ ಪೆಟ್ಟಿಗೆ, ಬ್ರಾಕೆಟ್, ಕಪಾಟುಗಳನ್ನು ಜಿಡ್ಡು ತೆಗೆಯುವುದರಿಂದ ಹಿಡಿದು ಫಾಸ್ಫೇಟ್ (ಬಣ್ಣಕ್ಕೆ ಹಿಡಿತ ಕೊಡುವ ಹರಳಿನ ಪದರ) ಹಾಗೂ ಪ್ಯಾಸಿವೇಶನ್ (ಆ ಪದರವನ್ನು ಭದ್ರಪಡಿಸುವ ಕೊನೆಯ ಅದ್ದು) ವರೆಗೆ ಏಳು ಟ್ಯಾಂಕುಗಳಲ್ಲಿ ಅದ್ದಿ, ಆಮೇಲೆ ಸ್ಟೋವಿಂಗ್ ಎನಾಮಲ್ ಹಾಕಿ ಸುಮಾರು 120ರಿಂದ 150 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಇಲ್ಲಿ ಬಣ್ಣ ಎದ್ದರೆ ಹಕ್ಕಳೆಯ ಬೆನ್ನಿನಲ್ಲೂ ಶೀಟಿನ ಮೇಲೂ ಬೂದು ಪುಡಿ ಇದೆಯೇ ನೋಡಿ. ಇದ್ದರೆ ಫಾಸ್ಫೇಟ್ ಪದರವೇ ಸೀಳಿದೆ. ಹರಳುಗಳು ದಪ್ಪವಾಗಿ ಒರಟಾಗಿ ಬೆಳೆದಿವೆ, ಅಥವಾ ಟ್ಯಾಂಕಿನ ತಳದ ಸ್ಲಜ್ (ಕೆಸರು) ಮೇಲೆದ್ದು ಮೈಗೆ ಕೂತಿದೆ. ಫಾಸ್ಫೇಟ್ ಆದ ಶೀಟನ್ನು ಕಪ್ಪು ಬಟ್ಟೆಯಿಂದ ಒರೆಸಿದಾಗ ಪುಡಿ ಬರಬಾರದು. ಮೈ ಒಂದೇ ಸಮನೆ ಬೂದಾಗಿರಬೇಕು. ಆಮ್ಲದ ಟೈಟ್ರೇಶನ್, ಅಂದರೆ ಟ್ಯಾಂಕಿನ ಆಮ್ಲದ ಪ್ರಮಾಣ ಅಳೆಯುವ ಪರೀಕ್ಷೆ, ಪ್ರತಿ ಪಾಳಿಗೂ ನಡೆಯಬೇಕು, ಸ್ಲಜ್ ಕಾಲಕಾಲಕ್ಕೆ ತೆಗೆಯಬೇಕು, ತೊಳೆಯುವ ಟ್ಯಾಂಕಿನ ನೀರು ಹರಿಯುತ್ತಿರಬೇಕು. ಕೆಲಸ ಅವಸರದಲ್ಲಿದ್ದಾಗ ಮೊದಲು ಬಲಿಯಾಗುವುದು ಈ ತೊಳೆಯುವ ನೀರೇ. ಫಾಸ್ಫೇಟ್ ಆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಾಗಿ ಬಣ್ಣದ ಮೇಲೆ ಮೂಡುತ್ತದೆ. ಈ ವಿಧಾನದ ಭಾರತೀಯ ಮಾನಕ ಐಎಸ್ 6005.

ಓವನ್‌ನಲ್ಲಿ ಪ್ರೈಮರನ್ನು ಅತಿಯಾಗಿ ಬೇಯಿಸಿದರೆ ಅದು ಗಾಜಿನಂತಾಗಿ ಮೇಲಿನ ಕೋಟಿಗೆ ಹಿಡಿತ ಕೊಡುವುದಿಲ್ಲ. ಓವನ್ನಿನ ಮುಳ್ಳು ತೋರುವುದು ಗಾಳಿಯ ಉಷ್ಣತೆ, ಲೋಹದ್ದಲ್ಲ. ತೆಳು ಶೀಟೂ ದಪ್ಪ ಬ್ರಾಕೆಟ್ಟೂ ಒಂದೇ ಟ್ರಾಲಿಯಲ್ಲಿ ಹೋದರೆ ಒಂದು ಬೇಯದೆ, ಒಂದು ಸೀದು ಹೊರಬರುತ್ತದೆ.

ಕೋಟುಗಳ ನಡುವೆ

ಫ್ಯಾಬ್ರಿಕೇಟರ್ ಹಾಕಿ ಕಳಿಸುವ ಕೆಂಪು ಕೋಟನ್ನು ಪ್ರೈಮರ್ ಎಂದು ನಂಬಬೇಡಿ. ತುಕ್ಕು ಕಾಣದಿರಲೆಂದು, ಮಿಲ್ ಸ್ಕೇಲ್ ಮೇಲೆಯೇ, ಹೆಚ್ಚು ತೆಳುಮಾಡಿದ ರೆಡ್ ಆಕ್ಸೈಡನ್ನು ಒಂದು ಸಲ ಹೊಡೆದಿರುತ್ತಾರೆ. ಅದು ಅಂಗಳದಲ್ಲಿ ಬಿಸಿಲು ಮಳೆ ಉಂಡು ಬಂದಿರುತ್ತದೆ. ಅಂಗೈಯಿಂದ ಒರೆಸಿ ನೋಡಿ, ಕೈ ಕೆಂಪಾದರೆ ಅದನ್ನು ತೆಗೆಯಲೇಬೇಕು. ಹೊಸದಾಗಿ ಜಿಂಕ್ ಫಾಸ್ಫೇಟ್ ಪ್ರೈಮರ್ ಹಾಕಿ. ಐಎಸ್ 2074ರ ರೆಡ್ ಆಕ್ಸೈಡ್–ಜಿಂಕ್ ಕ್ರೋಮ್ ಪ್ರೈಮರ್ ತುಕ್ಕು ತಡೆಯುವುದರಲ್ಲಿ ಒಳ್ಳೆಯದೇ, ಆದರೆ ಅದರ ಕ್ರೋಮೇಟ್ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಅದನ್ನು ಒಣಗಿದ್ದಾಗ ಉಜ್ಜಿ ದೂಳೆಬ್ಬಿಸಬಾರದು.

ಹಳೆಯ ಎನಾಮಲ್ಲಿನ ಹೊಳಪಿನ ಮೇಲೆ ಹೊಸದು ಹಿಡಿಯದು. 180 ಅಥವಾ 220 ನಂಬರಿನ ವಾಟರ್ ಪೇಪರಿನಿಂದ ಹೊಳಪು ಪೂರ್ತಿ ಮಂಕಾಗುವಂತೆ ಒದ್ದೆಯಾಗಿ ಉಜ್ಜಿ. ಹಳೆಯ ಮನೆಗಳಲ್ಲಿ ಒದ್ದೆಯಾಗಿಯೇ ಉಜ್ಜಲು ಇನ್ನೊಂದು ಕಾರಣವಿದೆ: ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಹಳದಿ, ಹಸಿರು, ಕೆಂಪು ಎನಾಮಲ್ಲುಗಳಲ್ಲಿ ಸೀಸ ಇರಬಹುದೆಂದೇ ತಿಳಿದು ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ, ಕೆರೆದದ್ದನ್ನು ಕಾಗದದಲ್ಲಿ ಹಿಡಿದು ಕಟ್ಟಿ ತೆಗೆಯಿರಿ.

ಬಣ್ಣ ಬಳಿದ ಕೂಡಲೇ ಸುಕ್ಕುಗಟ್ಟಿ ಎದ್ದರೆ ಅದು ಹಿಡಿತದ ದೋಷವಲ್ಲ: ಕೋಟ್ ದಪ್ಪವಾಯಿತು, ಇಲ್ಲವೇ ಟರ್ಪೆಂಟೈನ್ ಬದಲು ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ತೀಕ್ಷ್ಣ ಥಿನ್ನರ್ ಬಿದ್ದು ಕೆಳಗಿನ ಎನಾಮಲ್ಲನ್ನು ಕರಗಿಸಿತು.

ಎಷ್ಟು ಕೆರೆಯಬೇಕು

ಹಕ್ಕಳೆಯ ಸುತ್ತಲಿನ ಗಟ್ಟಿ ಜಾಗದಲ್ಲಿ ಮಾಡಿದ ಚೌಕದ ಪರೀಕ್ಷೆಯಲ್ಲಿ ಐಎಸ್‌ಒ ಅಂಕ 0 ಅಥವಾ 1 ಬಂದರೆ ಆ ಭಾಗ ಉಳಿಸಿಕೊಳ್ಳಬಹುದು. 3 ಅಥವಾ ಮೇಲೆ ಬಂದರೆ ಎಲ್ಲ ಕಡೆ ತೆಗೆಯಿರಿ. ತೇಪೆ ಹಚ್ಚಿದ್ದು ತೇಪೆಯ ಅಂಚಿನಿಂದಲೇ ಏಳುತ್ತದೆ. 2 ಬಂದರೆ ಇನ್ನೂ ನಾಲ್ಕೈದು ಕಡೆ ಗೀರಿ ನೋಡಿ ತೀರ್ಮಾನಿಸಿ. ಉಳಿಸಿಕೊಂಡ ಬಣ್ಣದ ಅಂಚನ್ನು ಬೆರಳಿಗೆ ಮೆಟ್ಟಿಲು ಸಿಗದಂತೆ 120 ನಂಬರಿನ ಕಾಗದದಿಂದ ಇಳಿಜಾರು ಮಾಡಿ. ಕತ್ತರಿಸಿದ ಚೂಪು ಅಂಚುಗಳನ್ನು ಗ್ರೈಂಡರಿನಿಂದ ಸುಮಾರು 2 ಮಿಲಿಮೀಟರ್ ದುಂಡಗೆ ಮಾಡಿ, ಏಕೆಂದರೆ ಒಣಗುವಾಗ ಬಣ್ಣ ಚೂಪು ಅಂಚಿನಿಂದ ಹಿಂದಕ್ಕೆ ಸರಿದು ಅಲ್ಲಿ ತೆಳುವಾಗುತ್ತದೆ. ಅಂಚು, ವೆಲ್ಡಿಂಗ್, ಬೋಲ್ಟುಗಳಿಗೆ ಮೊದಲು ಸಣ್ಣ ಬ್ರಷ್ಷಿನಿಂದ ಪ್ರೈಮರ್ ತುಂಬಿ, ಆಮೇಲೆ ಎಲ್ಲ ಕಡೆಗೆ ಒಂದು ಪೂರ್ಣ ಕೋಟ್. ಬರಿಯ ಉಕ್ಕು ಹೊರಗೆ ಕಂಡಮೇಲೆ ಕರಾವಳಿಯಲ್ಲಿ ನಾಲ್ಕು ಗಂಟೆಯೊಳಗೆ ಪ್ರೈಮರ್ ಬೀಳಬೇಕು. ಬೆಳಿಗ್ಗೆ ಇಡೀ ಗ್ರಿಲ್ ಉಜ್ಜಿ ಮರುದಿನ ಬಳಿಯುವುದಕ್ಕಿಂತ, ದಿನಕ್ಕೆ ಎಷ್ಟು ಮುಗಿಯುವುದೋ ಅಷ್ಟನ್ನೇ ಉಜ್ಜಿ ಅಂದೇ ಬಳಿಯಿರಿ.

ದೊಡ್ಡ ಕೆಲಸ ಹಿಡಿಯುವ ಮುನ್ನ ಅದೇ ಗೇಟಿನ ಹಿಂಬದಿಯಲ್ಲಿ ಅಂಗೈ ಅಗಲದ ಜಾಗವನ್ನು ಹೀಗೆ ಸಿದ್ಧಪಡಿಸಿ, ಪ್ರೈಮರ್, ಎನಾಮಲ್ ಹಾಕಿ, ಒಂದು ವಾರ ಬಿಟ್ಟು ಒದ್ದೆ ಬಟ್ಟೆಯನ್ನು ರಾತ್ರಿಯಿಡೀ ಅದರ ಮೇಲೆ ಕಟ್ಟಿಡಿ. ಬೆಳಿಗ್ಗೆ ಒರೆಸಿ, ಚೌಕ ಗೀರಿ, ಟೇಪು ಎಳೆಯಿರಿ. ಅಲ್ಲಿ ಹಿಡಿದರೆ ಉಳಿದ ಗೇಟಿಗೆ ಕೈ ಹಾಕಿ. ಬಿಟ್ಟರೆ ಆ ಹೊಸ ಹಕ್ಕಳೆಯ ಬೆನ್ನಿನಿಂದ ಮತ್ತೆ ಹುಡುಕಾಟ ಶುರು ಮಾಡಿ.